ಹಿಂತಿರುಗಿ ಬರುವ ದೋಣಿ

ಕುಕ್ಕರು ಕೊಳ್ಳಲು ಹೋದರೆ ಗಂಡಸರು ಎಷ್ಟು ಲೀಟರಿನದು ಎಂದು ಕೇಳುತ್ತಾರೆ. ನಾವು ಮುಚ್ಚಳ ತಿರುಗಿಸಿ ಸೇಫ್ಟಿ ವಾಲ್ವು ಎಲ್ಲಿದೆ ಎಂದು ನೋಡುತ್ತೇವೆ. ಬಾಡಿಗೆ ಮನೆ ನೋಡುವಾಗ ಅವರು ಹಾಲಿನ ಅಗಲ ಅಳೆಯುತ್ತಿದ್ದರೆ, ನಾವು ಹಿತ್ತಿಲಿಗೆ ಹೋಗಿ ಮಳೆಗಾಲದಲ್ಲಿ ಗೋಡೆ ಒಸರುತ್ತದೆಯೇ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಪಕ್ಕದ ಮನೆಯಾಕೆಯನ್ನು ವಿಚಾರಿಸುತ್ತಿರುತ್ತೇವೆ. ಎಲ್ಲ ಸರಿಯಿರುವ ದಿನದ ಲೆಕ್ಕ ಅವರದು, ಕೈಕೊಡುವ ದಿನದ ಲೆಕ್ಕ ನಮ್ಮದು. ಸಂಸಾರಕ್ಕೆ ಎರಡೂ ಬೇಕು ಎನ್ನಿ. ಆದರೆ ದೋಣಿ ಕೊಳ್ಳುವಾಗ ಮಾತ್ರ ನಮ್ಮ ಲೆಕ್ಕವೇ ಮೊದಲು ಬರಬೇಕು ಎಂದು ನಾನು ಹೇಳಿದರೆ, "ನಿಮಗೇನ್ರೀ ದೋಣಿ ಕೊಳ್ಳುವ ಪ್ರಸಂಗ ಬಂತು?" ಎಂದು ನೀವು ನಗಬಹುದು.

ಬಂತು ನೋಡಿ. ಅದೂ ಏಳು ಸಮುದ್ರದ ಆಚೆ.

2023ರ ಫೆಬ್ರುವರಿಯಲ್ಲಿ ಮಗಳ ಮನೆಗೆಂದು ಅಮೆರಿಕದ ಡಲ್ಲಾಸಿಗೆ ಹೋಗಿದ್ದೆ. ಅಳಿಯಂದಿರು ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು, ಶನಿವಾರ ಬಂತೆಂದರೆ ಗಾಳದ ಕೋಲು ಹಿಡಿದು ಹೊರಡುವವರು. ನಮ್ಮ ಸಾಗರದ ಕಡೆಯವರೇ. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಹಳ್ಳಕ್ಕೆ ಓಡಿ ಬೆಳೆದವರಿಗೆ ಆ ಹುಚ್ಚು ವಿಮಾನ ಹತ್ತಿದ ಮಾತ್ರಕ್ಕೆ ಬಿಡುತ್ತದೆಯೇ? ಅಷ್ಟು ವರ್ಷ ದಡದಲ್ಲೇ ನಿಂತು ಗಾಳ ಹಾಕುತ್ತಿದ್ದವರು ಆ ವರ್ಷ ಸ್ವಂತ ದೋಣಿ ಕೊಳ್ಳುವುದೆಂದು ನಿಶ್ಚಯಿಸಿದ್ದರು. ಮಗಳು ಅಡಿಗೆಮನೆಯಲ್ಲಿ ಮೆಲ್ಲಗೆ, "ಅಮ್ಮಾ, ದೋಣಿ ಬೇಡ ಅಂತ ನಾನು ಅನ್ನಲ್ಲ. ಆದ್ರೆ ಮಗೂನೂ ಕರ್ಕೊಂಡು ಹೋಗ್ತಾರಂತೆ. ನೀನೂ ಜೊತೆಗೆ ಬಂದು ಒಂದು ಸಲ ನೋಡು" ಅಂದಳು. ಮೊಮ್ಮಗನಿಗೆ ಆಗ ಏಳು ವರ್ಷ. ಇನ್ನು ನೋಡದೆ ಇರುವುದುಂಟೇ?

ಮೊದಲು ಆ ಮೀನಿನ ವಿಷಯ ಹೇಳಬೇಕು. ಹೆಸರು ಕ್ರಾಪಿ. ಇಂಗ್ಲಿಷಿನಲ್ಲಿ ಬರೆದದ್ದನ್ನು ನಾವು ಓದಿದರೆ 'ಕ್ರ್ಯಾಪಿ' ಎಂದೇ ಓದುತ್ತೇವೆ, ಅಲ್ಲಿಯವರು ಮಾತ್ರ ಕ್ರಾಪಿ ಎನ್ನುತ್ತಾರೆ. ಪಕ್ಕದ ಲೂಸಿಯಾನಾ ರಾಜ್ಯದಲ್ಲಿ ಇದಕ್ಕೆ ಫ್ರೆಂಚರ ಕಾಲದ ಒಂದು ಹೆಸರಿದೆ; ಅದರ ಅರ್ಥ 'ಹಾಲಿನ ಚೀಲ'. ಅಂಗೈಗಿಂತ ಒಂದಿಷ್ಟು ದೊಡ್ಡದು, ಚಪ್ಪಟೆ ಮೈ, ಬೆಳ್ಳಿಯ ಮೇಲೆ ಮಸಿ ಚಿಮುಕಿಸಿದಂಥ ಚುಕ್ಕೆ. ಬಿಳಿ, ಕಪ್ಪು ಎಂದು ಎರಡು ಜಾತಿ. ಬಾಯಿ ಎಷ್ಟು ತೆಳುವೆಂದರೆ ಗಾಳವನ್ನು ಜೋರಾಗಿ ಎಳೆದರೆ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. 'ಕಾಗದದ ಬಾಯಿ' ಎಂಬ ಅಡ್ಡಹೆಸರೂ ಅದಕ್ಕಿದೆ. ವಸಂತದಲ್ಲಿ ನೀರು ಬೆಚ್ಚಗಾಗುತ್ತಿದ್ದಂತೆ ದಡದ ಹತ್ತಿರ ಬಂದು ಮೊಟ್ಟೆಯಿಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋದರೆ ಗೂಡು ಕಾಯುವುದು ಗಂಡು! ಇದನ್ನು ಕೇಳಿದ ಮೇಲೆ ನನಗೆ ಆ ಮೀನಿನ ಮೇಲೆ ಒಂದು ಬಗೆಯ ಗೌರವವೇ ಬಂದುಬಿಟ್ಟಿತು.

ಮಿಕ್ಕ ಕಾಲದಲ್ಲಿ ಅದು ನೀರಿನಡಿ ಮುಳುಗಿದ ಮರ, ಕೊಂಬೆ, ಪೊದೆಗಳ ನಡುವೆ ಗುಂಪುಗುಂಪಾಗಿ ನಿಂತಿರುತ್ತದೆ. ಹಿಡಿಯುವವರು ದೋಣಿಯನ್ನು ಸರಿಯಾಗಿ ಆ ಪೊದೆಯ ನೆತ್ತಿಯ ಮೇಲೆ ನಿಲ್ಲಿಸಿ, ಎರಡು ಗ್ರಾಮೂ ತೂಗದ ಪುಟ್ಟ ಗಾಳವನ್ನು ಮೆಲ್ಲಗೆ ಇಳಿಬಿಡಬೇಕು. ದೋಣಿ ನಾಲ್ಕು ಮೊಳ ಅತ್ತ ಸರಿದರೆ ಮೀನಿಲ್ಲ, ಇತ್ತ ಸರಿದರೆ ಗಾಳ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಕೆಲವರು ದೋಣಿಯ ಮುಂಬದಿಯಲ್ಲಿ ಉದ್ದುದ್ದ ಕೋಲುಗಳನ್ನು ಜೇಡನ ಕಾಲಿನಂತೆ ಹರಡಿಕೊಂಡು, ಆಮೆಯ ನಡಿಗೆಯಲ್ಲಿ ದೋಣಿ ನಡೆಸುತ್ತಾರೆ. ಇದಕ್ಕೆ ಮುಂಭಾಗ ಅಗಲವಾಗಿ ತೆರೆದಿರಬೇಕು, ನೆಲ ಸಮನಾಗಿರಬೇಕು, ಮೀನನ್ನು ಎತ್ತಿಕೊಳ್ಳಲು ಪಕ್ಕದ ಗೋಡೆ ತಗ್ಗಾಗಿದ್ದರೆ ಇನ್ನೂ ಅನುಕೂಲ. ಅಂದರೆ ಮೀನಿನ ಮಾತು ಕೇಳಿದರೆ ನಾವು ಕೊಳ್ಳಬೇಕಾದದ್ದು ನೀರಿನ ಮೇಲೆ ತೇಲುವ ಒಂದು ಮಣೆ.

ಆದರೆ ನೀರಿನ ಮೇಲೆ ಮೀನಿನದೊಂದೇ ಮಾತಲ್ಲ, ಗಾಳಿಯದೂ ಇದೆಯಲ್ಲ!

ಅಳಿಯಂದಿರು ಹೋಗುತ್ತಿದ್ದದ್ದು ಟವಾಕೊನಿ ಎಂಬ ಸರೋವರಕ್ಕೆ. ಡಲ್ಲಾಸಿನಿಂದ ಪೂರ್ವಕ್ಕೆ ಸುಮಾರು 50 ಮೈಲಿ. ಸರೋವರ ಎಂದರೂ ಅದು ನಮ್ಮ ಕಡೆಯಂತೆ ಅಣೆಕಟ್ಟಿನ ಹಿನ್ನೀರೇ. ಸಬೀನ್ ನದಿಗೆ 1960ರಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು, ಸುಮಾರು 37,000 ಎಕರೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನ ದಡದ ಊರಲ್ಲಿ ಹುಟ್ಟಿದ ನನಗೆ ಆ ನೀರು ಕಂಡ ಕೂಡಲೇ ಗುರುತು ಸಿಕ್ಕಿತು. ಅದೇ ಎದುರು ದಡ ಕಾಣದಂಥ ಹರವು, ಅದೇ ಮುಳುಗಿದ ಮರಗಳ ಬೊಡ್ಡೆ. ಒಂದೇ ವ್ಯತ್ಯಾಸವೆಂದರೆ ನಮ್ಮಲ್ಲಿ ಸುತ್ತ ಗುಡ್ಡ, ಕಾಡು, ಅಲ್ಲಿ ಬಯಲು. ಗಾಳಿಗೆ ಅಡ್ಡ ಬರುವವರೇ ಇಲ್ಲ.

ಚಿಕ್ಕಂದಿನಲ್ಲಿ ಆಷಾಢದ ಸಂಜೆ ಅಪ್ಪ ತೆಪ್ಪದಲ್ಲಿ ಆಚೆ ದಡದಿಂದ ಬರುವುದು ತಡವಾದರೆ ಅಮ್ಮ ಲಾಟೀನು ಹಿಡಿದು ನೀರಿನಂಚಿಗೆ ಹೋಗಿ ನಿಲ್ಲುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಅಪ್ಪ ಬಂದ ಮೇಲೂ ಮಾತಿಲ್ಲ. ಒಲೆಯ ಮೇಲಿನ ನೀರು ಕಾದಿದೆ ಎಂದಷ್ಟೇ ಹೇಳುತ್ತಿದ್ದಳು. 2025ರಲ್ಲಿ ಸಿಗಂದೂರಿಗೆ ಸೇತುವೆ ಆಗುವವರೆಗೂ ಆ ಕಡೆಯ ಹೆಂಗಸರಿಗೆ ನೀರಿನ ಅಂಚಿನಲ್ಲಿ ಕಾಯುವುದು ಹೊಸದೇನಲ್ಲ. ಕಾಯುವವರಿಗೆ ಗಾಳಿಯ ಲೆಕ್ಕ ತಾನಾಗಿ ಬರುತ್ತದೆ. ಗಾಳಿ ಹುಟ್ಟುವ ದಡದ ಹತ್ತಿರ ನೀರು ಸುಮ್ಮನಿರುತ್ತದೆ. ಅದೇ ಗಾಳಿ ಮೈಲಿಗಟ್ಟಲೆ ತಡೆಯಿಲ್ಲದೆ ಓಡಿದಷ್ಟೂ ಅಲೆ ಬೆಳೆಯುತ್ತ ಹೋಗಿ ಎದುರು ದಡಕ್ಕೆ ಆಳೆತ್ತರದ ಸಿಟ್ಟಿನಲ್ಲಿ ಅಪ್ಪಳಿಸುತ್ತದೆ. ನೀರಿನ ಆಳ ಕಡಿಮೆಯಿದ್ದರೆ ಇನ್ನೂ ಕಷ್ಟ. ಸಮುದ್ರದಂತೆ ಉದ್ದನೆಯ, ಸಮಾಧಾನದ ಅಲೆಯಲ್ಲ. ಒಂದರ ಬೆನ್ನಿಗೊಂದು ಕಡಿದಾದ ಮೋಟು ಅಲೆ. ದೋಣಿ ಒಂದರಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಟೆಕ್ಸಾಸಿನ ವಸಂತದಲ್ಲಿ ಬೀಸುವುದು ತೆಂಕಣ ಗಾಳಿ. ಬೆಳಿಗ್ಗೆ ಮಲಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಏಳುತ್ತದೆ. ಕೆಲವು ದಿನ ಉತ್ತರದಿಂದ ಶೀತಗಾಳಿ ನುಗ್ಗಿದರೆ ನಿಮಿಷಗಳಲ್ಲಿ ದಿಕ್ಕೇ ತಿರುಗಿಹೋಗುತ್ತದೆ. ಬೆವರುತ್ತಿದ್ದವರು ಸ್ವೆಟರು ಹುಡುಕಬೇಕು. ಬೆಳಗಿನ ಜಾವ ಕನ್ನಡಿಯಂಥ ನೀರು ನೋಡಿ ಹೊರಟವನು ಮಧ್ಯಾಹ್ನ ಹಿಂತಿರುಗಬೇಕಾದದ್ದು ಬೇರೆಯೇ ನೀರಿನ ಮೇಲೆ.

ದೋಣಿಯಂಗಡಿಯ ಅಂಗಳ ನಮ್ಮ ಎತ್ತಿನ ಜಾತ್ರೆಯಂತಿತ್ತು. ಸಾಲುಸಾಲು ದೋಣಿ, ಮೂಗುದಾರದಂತೆ ಒಂದೊಂದಕ್ಕೂ ಒಂದು ಟ್ರೈಲರು. ನಮ್ಮ ಜೊತೆಗೆ ಪಕ್ಕದ ಮನೆಯ ಅಜ್ಜಿಯೂ ಬಂದಿದ್ದರು. ಎಪ್ಪತ್ತು ದಾಟಿದವರು, ಗಂಡನೊಂದಿಗೆ ನಲವತ್ತು ವರ್ಷ ಆ ಸೀಮೆಯ ನೀರುಗಳಲ್ಲೆಲ್ಲ ಕ್ರಾಪಿ ಹಿಡಿದವರಂತೆ. ಅವರಿಗೆ ಕನ್ನಡ ಬಾರದು, ನನಗೆ ಅವರ ಇಂಗ್ಲಿಷು ತಿಳಿಯದು. ಆದರೂ ಒಂದು ದೋಣಿಯ ಹೊಟ್ಟೆಯನ್ನು ಅವರು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ್ದು ಕಂಡಾಗ, ಗಡಿಗೆ ಕೊಳ್ಳುವ ಕೈ ಎಂದು ಗುರುತು ಹಿಡಿದೆ.

ಅಳಿಯಂದಿರ ಕಣ್ಣು ಬಿದ್ದಿದ್ದದ್ದು 14 ಅಡಿಯ ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿಯ ಮೇಲೆ. ಬೆಲೆ ಕಡಿಮೆ, ಹಗುರ, ಮೊಣಕಾಲು ನೀರಿನಲ್ಲೂ ನುಸುಳುತ್ತದೆ, ನಿಂತರೆ ಅಲುಗದು. ಸಣ್ಣ ಕೊಳ್ಳಕ್ಕೆ, ನದಿಯ ಮೂಲೆಗೆ ಅದಕ್ಕಿಂತ ಒಳ್ಳೆಯದು ಬೇಡ. ಅಜ್ಜಿ ತಮ್ಮ ಕೈಯನ್ನು ಅಂಗಾತ ಹಿಡಿದು ಮೇಜಿನ ಮೇಲೆ ಪಟಪಟ ಬಡಿದು ತೋರಿಸಿದರು. ಚಪ್ಪಟೆ ತಳ ಅಲೆಯನ್ನು ಸೀಳುವುದಿಲ್ಲ, ಹತ್ತಿ ಬೀಳುತ್ತದೆ. ಬೆನ್ನು ಮುರಿಯುವುದಿರಲಿ, ತಗ್ಗಿನ ಗೋಡೆ ದಾಟಿ ನೀರು ಒಳಗೆ ಬರುತ್ತದೆ. ಆಮೇಲೆ ಅದೇ ಕೈಯನ್ನು ನೇಗಿಲಿನಂತೆ ಓರೆ ಮಾಡಿ ಗಾಳಿಯಲ್ಲಿ ಉತ್ತರು. ಮೂತಿ ಚೂಪಾಗಿ, ತಳ ಆಳವಾಗಿ ಇಳಿದ ದೋಣಿ ಅಲೆಯನ್ನು ಹೀಗೆ ಸೀಳಿಕೊಂಡು ಹೋಗುತ್ತದಂತೆ.

ಥಳಥಳಿಸುವ ಫೈಬರ್‌ಗ್ಲಾಸ್ ದೋಣಿಗಳೂ ಇದ್ದವು. ತೂಕ ಹೆಚ್ಚಾದ್ದರಿಂದ ಗಾಳಿಗೆ ಸುಲಭವಾಗಿ ಸರಿಯವು. ಆದರೆ ಗೋಡೆ ತಗ್ಗು, ಬೆಲೆ ಜಾಸ್ತಿ, ಎಳೆಯಲು ದೊಡ್ಡ ಕಾರು ಬೇಕು. ಎರಡು ಉದ್ದ ಕೊಳವೆಗಳ ಮೇಲೆ ಚಪ್ಪರ ಹಾಕಿದಂಥ ಇನ್ನೊಂದು ಜಾತಿ ಮಗಳಿಗೆ ಬಹಳ ಹಿಡಿಸಿತು: ಸುತ್ತ ಕಟಕಟೆ, ಮೆತ್ತನೆ ಸೋಫಾ, ಮಗು ಬೀಳುವ ಭಯವಿಲ್ಲ. ಅಜ್ಜಿ ಅದನ್ನು ತೆಗೆದುಹಾಕಲಿಲ್ಲ. ಸಂಸಾರಕ್ಕೆ ಒಳ್ಳೆಯದೇ, ಆದರೆ ಎತ್ತರದ ಮೈಯೆಲ್ಲ ಗಾಳಿಗೆ ಪಟವಿದ್ದಂತೆ; ಪೊದೆಯ ನೆತ್ತಿಯ ಮೇಲೆ ನಿಲ್ಲು ಎಂದರೆ ನಿಲ್ಲುವುದು ಕಷ್ಟ ಎಂದರು.

ಕೊನೆಗೆ ಒಪ್ಪಿಗೆಯಾದದ್ದು ಯಾರೋ ಐದಾರು ವರ್ಷ ಬಳಸಿ ಮಾರಲು ಬಿಟ್ಟಿದ್ದ, 17 ಅಡಿಯ, ಚೂಪು ಮೂತಿಯ ಅಲ್ಯೂಮಿನಿಯಂ ದೋಣಿ. ಹೊಟ್ಟೆ ಅಗಲ, ಪಕ್ಕದ ಗೋಡೆ ನನ್ನ ತೊಡೆಯೆತ್ತರ. ಅಳಿಯಂದಿರು ಮುಂಬದಿಯ ಅಗಲ ನೋಡಿದರೆ, ಅಜ್ಜಿ ಹಿಂಬದಿಗೆ ಹೋಗಿ ಮೋಟಾರು ಕೂರಿಸುವ ಹಲಗೆಯ ಎತ್ತರ ನೋಡಿದರು. ಹಿಂದಿನಿಂದ ಬರುವ ಅಲೆ ಒಳಗೆ ಇಣುಕುವುದು ಅಲ್ಲಿಂದಲೇ. ಒಳಸೇರಿದ ನೀರನ್ನು ಹೊರಹಾಕುವ ಪಂಪನ್ನು ಚಾಲೂ ಮಾಡಿಸಿ ಅದರ ಸದ್ದು ಕೇಳಿದರು. ಎಲ್ಲರನ್ನೂ ಒಳಗೆ ಹತ್ತಿಸಿ ಒಂದೇ ಪಕ್ಕಕ್ಕೆ ನಿಲ್ಲಿಸಿ ಎಷ್ಟು ವಾಲುತ್ತದೆ ಎಂದು ನೋಡುವುದು ಟ್ರೈಲರಿನ ಮೇಲೆ ಆಗದ ಕೆಲಸ. ನೀರಿಗಿಳಿಸಿ ತೋರಿಸಿದ ಮೇಲೆಯೇ ಹಣ ಎಂದರು. ಹಾಗೇ ಆಯಿತು.

ಆ ದೇಶದಲ್ಲಿ 20 ಅಡಿಗಿಂತ ಚಿಕ್ಕದಾದ ಇಂಥ ಮೋಟಾರು ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಒಂದು ಫಲಕ ಬಡಿದಿರಬೇಕೆಂದು 1972ರಿಂದ ಕಾನೂನಿದೆ. ನಮ್ಮದರಲ್ಲಿ ಐದು ಜನ ಎಂದಿತ್ತು. "ಅದು ಗಾಳಿಯಿಲ್ಲದ ದಿನದ ಲೆಕ್ಕ. ನೀವು ಮೂರು ಎಂದು ಓದಿಕೊಳ್ಳಿ" ಎಂದರಂತೆ ಅಜ್ಜಿ. ಮದುವೆಮನೆಗೆ ಅಕ್ಕಿ ಅಳೆಯುವಾಗ ನಾವು ಒಂದು ಸೇರು ಹೆಚ್ಚು ಹಾಕುತ್ತೇವಲ್ಲ, ಅದನ್ನೇ ಅವರು ತಿರುಗಿಸಿ ಹೇಳಿದ್ದು.

ಗೋಡೆ ಎತ್ತರವಾದದ್ದರಿಂದ ಮೀನು ಎತ್ತಿಕೊಳ್ಳಲು ಉದ್ದ ಹಿಡಿಯ ಬಲೆ ಬೇಕಾಯಿತು. ಹಗುರ ದೋಣಿಯಾದ್ದರಿಂದ ಗಾಳಿ ಮೂತಿಯನ್ನು ತಳ್ಳುವುದೂ ಉಂಟು. ಅದಕ್ಕೆ ಮುಂದುಗಡೆ ಒಂದು ಸಣ್ಣ ಬ್ಯಾಟರಿ ಮೋಟಾರು. ಉಪಗ್ರಹದ ಸಂಕೇತ ಹಿಡಿದು ದೋಣಿಯನ್ನು ಒಂದೇ ಜಾಗದಲ್ಲಿ ನಿಲ್ಲಿಸುತ್ತದೆ. ಅದರ ಕಾಂಡ ಉದ್ದವಿರಬೇಕು. ಇಲ್ಲದಿದ್ದರೆ ಅಲೆಗೆ ಮೂತಿ ಎದ್ದಾಗಲೆಲ್ಲ ರೆಕ್ಕೆ ನೀರಿನಿಂದ ಮೇಲೆ ಬಂದು ಗಾಳಿಯನ್ನೇ ಕಡೆಯುತ್ತ ಕೂರುತ್ತದೆ. ಲಂಗರು ಹಾಕುವುದಾದರೆ ಮೂತಿಯಿಂದಲೇ, ಹಿಂಬದಿಯಿಂದ ಎಂದೆಂದಿಗೂ ಅಲ್ಲ. ಹಿಂದೆ ಕಟ್ಟಿದರೆ ತಗ್ಗಿನ ಬೆನ್ನನ್ನು ಅಲೆಗೆ ಒಡ್ಡಿದಂತೆ.

ಮಗಳು ತನ್ನ ಕರಾರುಗಳನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು. ಅರ್ಧ ಸರ್ಕಾರದ್ದು, ಅರ್ಧ ಅವಳದು. 13 ವರ್ಷದೊಳಗಿನ ಮಕ್ಕಳು ಸಾಗುತ್ತಿರುವ ಸಣ್ಣ ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟಿರಲೇಬೇಕು ಎನ್ನುವುದು ಟೆಕ್ಸಾಸಿನ ಕಾನೂನು. ಮಗುವಿನ ಅಪ್ಪನೂ ತೊಟ್ಟಿರಬೇಕು ಎನ್ನುವುದು ಅವಳ ಕಾನೂನು. ನಡೆಸುವವನು ಬಿದ್ದರೆ ಎಂಜಿನ್ನು ತಾನಾಗಿ ನಿಲ್ಲುವಂತೆ ಮೈಗೆ ಒಂದು ದಾರ ಸಿಕ್ಕಿಸಿಕೊಳ್ಳಬೇಕು ಎಂದು 2021ರಿಂದ ದೇಶಕ್ಕೆಲ್ಲ ನಿಯಮವಾಗಿದೆ. ಆ ದಾರ ಸಿಕ್ಕಿಸಿದ ಮೇಲೆ ಫೋಟೋ ಕಳಿಸಬೇಕು ಎಂದು ಇವಳ ತಿದ್ದುಪಡಿ. ತೆಂಕಣ ಗಾಳಿಯ ದಿನ ತೆಂಕಣ ದಡದ ಮರೆಯಲ್ಲೇ ಹಿಡಿಯುವುದು. ಮರದ ತುದಿ ತೂಗಲು ಶುರುವಾದರೆ ಮೀನು ಕಚ್ಚುತ್ತಿದ್ದರೂ ಗಾಳ ಸುತ್ತುವುದು. ಅಳಿಯಂದಿರು ಓದಿ, "ಅತ್ತೇ, ಇದನ್ನೆಲ್ಲ ಪಾಲಿಸಿದ್ರೆ ವರ್ಷಕ್ಕೆ ನಾಲ್ಕು ದಿನ ಮೀನು ಹಿಡೀಬಹುದು ಅಷ್ಟೆ" ಅಂದರು. "ನಾಲ್ಕು ದಿನ ಸಾಕಲ್ಲ, ಮಿಕ್ಕ ದಿನ ನಾನು ಹುಳಿ ಮಾಡ್ತೀನಿ" ಅಂದೆ.

ಒಂದು ಶನಿವಾರ ಹೊರಡುವ ಮೊದಲೇ ಅವರು ಅಂಗಳಕ್ಕೆ ಹೋಗಿ, ಮೇಪಲ್ ಮರದ ತುದಿ ನೋಡಿ, ಟ್ರೈಲರನ್ನು ಹಾಗೇ ಷೆಡ್ಡಿಗೆ ತಳ್ಳಿ ಒಳಗೆ ಬಂದರು. ಯಾರೂ ಏನೂ ಹೇಳಿರಲಿಲ್ಲ. ಮಗ ಮುಖ ಊದಿಸಿಕೊಂಡ. ಮಗಳು ಮಾತಾಡದೆ ಕಾಫಿಗೆ ಇಟ್ಟಳು. ಆ ದೋಣಿಗೆ ಕೊಟ್ಟ ದುಡ್ಡು ಅಂದೇ ಸಾರ್ಥಕವಾಯಿತು ಎಂದು ನನಗನ್ನಿಸಿತು. ಎಷ್ಟು ಒಳ್ಳೆಯ ದೋಣಿಗೂ ಒಂದು ಗಾಳಿ ಇದ್ದೇ ಇರುತ್ತದೆ, ಅದು ತಿಳಿದವನ ಕೈಯಲ್ಲಷ್ಟೇ ಅದು ಒಳ್ಳೆಯ ದೋಣಿ.

ಮುಂದಿನ ವಾರ ಗಾಳಿಯಿರಲಿಲ್ಲ. ಮಧ್ಯಾಹ್ನದೊಳಗೆ ಹನ್ನೊಂದು ಕ್ರಾಪಿ ತಂದರು. 10 ಇಂಚಿಗಿಂತ ಚಿಕ್ಕವನ್ನು ಕಾನೂನಿನಂತೆ ನೀರಿಗೇ ಬಿಟ್ಟಿದ್ದರು. ಅಜ್ಜಿ ತಮ್ಮ ಪಾಲನ್ನು ಮುಳ್ಳು ತೆಗೆದು, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದರು. ನಾನು ನಮ್ಮ ಪಾಲಿಗೆ ಊರಿಂದ ಒಯ್ದಿದ್ದ ಒಣಗಿದ ವಾಟೆಹುಳಿ ಹಾಕಿ ಸಾರು ಮಾಡಿದೆ. ಮಾಂಸ ಬೆಳ್ಳಗೆ, ಮೃದು. ಹೆಚ್ಚು ಹೊತ್ತು ಕುದಿಸಿದರೆ ಪುಡಿಯಾಗುತ್ತದೆ. ಅಜ್ಜಿ ಎರಡು ಸಲ ಸಾರು ಹಾಕಿಸಿಕೊಂಡರು, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

ಈಗಲೂ ಭಾನುವಾರ ಫೋನು ಮಾಡಿದಾಗ ಮೊಮ್ಮಗ ಎಷ್ಟು ಮೀನು ಸಿಕ್ಕಿತು ಎಂದು ಹೇಳಲು ಕಾತರಿಸುತ್ತಾನೆ. ನಾನು ಮಾತ್ರ ಮೊದಲು ಗಾಳಿ ಹೇಗಿತ್ತು ಎಂದೇ ಕೇಳುತ್ತೇನೆ. ಮೊದಮೊದಲು ಅವನಿಗೆ ಬೇಸರವಾಗುತ್ತಿತ್ತು. ಈಚೆಗೆ ಅವನೇ, "ಅಜ್ಜೀ, ಇವತ್ತು ತೆಂಕಣದ್ದು, ಮರದ ತುದಿ ಅಲುಗ್ತಾ ಇರ್ಲಿಲ್ಲ" ಎಂದು ಶುರುಮಾಡುತ್ತಾನೆ. ಮೀನಿನ ಲೆಕ್ಕ ಆಮೇಲೆ.