ಗಣಿಯೂರಿನ ಹಾಡುಗಾರ್ತಿ

ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ಈ ಸಂಚಿಕೆಗೆ ಕೊಲೆಸ್ಟರಾಲ್ ಬಗ್ಗೆ ಎರಡು ಪುಟ ಬರೆದುಕೊಡಿ" ಎಂದರು. ಕೊಲೆಸ್ಟರಾಲ್ ಬಗ್ಗೆ ಹಿಂದೊಮ್ಮೆ ಬರೆದಾಗಿದೆ. ಅದನ್ನು ಓದಿ ಮೆಚ್ಚಿದೆವೆಂದ ಬಂಧುಗಳೇ ಯುಗಾದಿ ಊಟದಲ್ಲಿ ಒಬ್ಬಟ್ಟಿನ ಮೇಲೆ ಮೂರು ಚಮಚ ತುಪ್ಪ ಹಾಕಿಸಿಕೊಂಡದ್ದನ್ನು ಎದುರು ಪಂಕ್ತಿಯಲ್ಲಿ ಕೂತು ನೋಡಿದೆವು. ಆದ್ದರಿಂದ ಈ ಸಲ ಒಬ್ಬ ಹಾಡುಗಾರ್ತಿಯ ವಿಷಯ ಬರೆಯುತ್ತೇವೆ. ಹೆಸರು ಹೇಜಲ್ ಡಿಕನ್ಸ್. ಆಕೆಗೂ ಕನ್ನಡಕ್ಕೂ ಯಾವ ಸಂಬಂಧವೂ ಇಲ್ಲ. ಆಕೆಗೂ ನಮಗೂ ಇದೆ, ಅದೂ ನಾವು ಮಾಡಿದ ಒಂದು ತಪ್ಪಿನಿಂದಾಗಿ. ("ನಾವು" ಎಂದದ್ದು ದೊಡ್ಡಸ್ತಿಕೆಗಲ್ಲ. ಮನೆಯಲ್ಲಿ ಡಾಕ್ಟರು ಇಬ್ಬರು, ಒಂದೇ ಕ್ಲಿನಿಕ್ಕಿನಲ್ಲಿ ದುಡಿದವರು. ಇಷ್ಟು ವರ್ಷಗಳಾದ ಮೇಲೆ ಯಾವ ಮಾತನ್ನು ಯಾರು ಆಡಿದರು ಎಂದು ಬಿಡಿಸಿ ಹೇಳುವುದು ಕಷ್ಟ.)

2000ನೇ ಇಸವಿಯಲ್ಲಿ ನಮ್ಮ ರೆಸಿಡೆನ್ಸಿ ಮುಗಿಯಿತು. ಜೆ-1 ವೀಸಾದ ಮೇಲೆ ಬಂದವರ ಪಾಡು ನಿಮ್ಮಲ್ಲಿ ಹಲವರಿಗೆ ಗೊತ್ತು: ಒಂದೋ ಎರಡು ವರ್ಷ ಊರಿಗೆ ವಾಪಸು ಹೋಗಬೇಕು, ಇಲ್ಲವೇ ಡಾಕ್ಟರುಗಳು ಸಿಗದ ಕಡೆ ಮೂರು ವರ್ಷ ಕೆಲಸ ಮಾಡಿ ವೇವರ್ ಪಡೆಯಬೇಕು. ನಮಗೆ ಸಿಕ್ಕಿದ್ದು ವೆಸ್ಟ್ ವರ್ಜೀನಿಯಾದ ದಕ್ಷಿಣದ ಕಲ್ಲಿದ್ದಲ ಸೀಮೆ. ಮಲೆನಾಡಿನಂತೆಯೇ ಒತ್ತೊತ್ತಾದ ಬೆಟ್ಟಗಳು, ಕಣಿವೆಗೆ ಒಂದೇ ರಸ್ತೆ, ಅದರ ಪಕ್ಕಕ್ಕೆ ಒಂದು ಹಳ್ಳ, ಹಳ್ಳದ ಪಕ್ಕಕ್ಕೆ ರೈಲು. ಕೊತ್ತಂಬರಿ ಸೊಪ್ಪಿಗೆ ಎರಡು ಗಂಟೆ ಡ್ರೈವ್. ಜನ ಮಾತ್ರ ಒಳ್ಳೆಯವರು. ಬಂದ ವಾರವೇ ಬಾಗಿಲಲ್ಲಿ ಬೀನ್ಸ್, ಜೋಳದ ಬ್ರೆಡ್ಡು ತಂದಿಟ್ಟು ಹೋದರು. ಮಾಂಸ ತಿನ್ನುವುದಿಲ್ಲ ಎಂದಾಗ ನಮ್ಮ ಆರೋಗ್ಯದ ಬಗ್ಗೆ ಅವರೇ ಚಿಂತೆಗೆ ಬಿದ್ದರು.

ನಮ್ಮ ಹತ್ತಿರ ಬರುತ್ತಿದ್ದ ಗಂಡಸರಲ್ಲಿ ಬಹಳ ಮಂದಿ ಗಣಿಯಲ್ಲಿ ದುಡಿದು ನಿವೃತ್ತರಾದವರು. ಅವರಲ್ಲೊಬ್ಬರು ಅರವತ್ತರ ಆಸುಪಾಸಿನವರು, ಇಪ್ಪತ್ತೆರಡು ವರ್ಷ ನೆಲದಡಿ ಕೆಲಸ ಮಾಡಿದ್ದರು. ಕಾರಿನಿಂದ ನಮ್ಮ ಬಾಗಿಲಿಗೆ ನಡೆದು ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದರು. ಎದೆಯ ಎಕ್ಸ್‌ರೇ ತೆಗೆಸಿದೆವು. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟು ದಮ್ಮು ಕಟ್ಟುವುದಕ್ಕೆ ಕಾರಣವಾಗುವಂಥದ್ದೇನೂ ಕಾಣಲಿಲ್ಲ. ಸಿಗರೇಟು ಸೇದುತ್ತಿದ್ದಿರಾ ಎಂದು ಕೇಳಿದೆವು. ಹೌದು, ಬಿಟ್ಟು ಹತ್ತು ವರ್ಷವಾಯಿತು ಎಂದರು. ಚಾರ್ಟಿನಲ್ಲಿ ಒಂದು ಸಾಲು ಗೀಚಿದೆವು: ಉಸಿರಾಟದ ತೊಂದರೆ, ಧೂಮಪಾನದಿಂದ. ಹೊರಗೆ ಇನ್ನೂ ಎಂಟು ಜನ ಕಾಯುತ್ತಿದ್ದರು.

ಆ ಒಂದು ಸಾಲು ಎಲ್ಲಿಗೆ ಹೋಗಿ ತಲುಪುತ್ತದೆಂದು ನಮಗೆ ತಿಳಿದಿರಲಿಲ್ಲ. ಅವರು ಬ್ಲ್ಯಾಕ್ ಲಂಗ್ ಪರಿಹಾರಕ್ಕೆ ಅರ್ಜಿ ಹಾಕಿದ್ದರು. ಹದಿನೈದು ವರ್ಷ ನೆಲದಡಿ ದುಡಿದು, ಉಸಿರಾಟದ ತೊಂದರೆಯಿಂದ ಪೂರ್ತಿ ಅಶಕ್ತನಾದವನಿಗೆ ಗಣಿಯೇ ಕಾರಣವೆಂದು ಭಾವಿಸಬೇಕು ಎಂಬ ನಿಯಮ ಹಿಂದೆ ಇತ್ತು. 1981ರ ತಿದ್ದುಪಡಿಯಲ್ಲಿ ಅದು ಹೋಯಿತು, 2010ರಲ್ಲಿ ತಿರುಗಿ ಬಂತು. ನಾವಿದ್ದದ್ದು ನಡುವಿನ ಕಾಲದಲ್ಲಿ. ಗಣಿಯ ಧೂಳಿನಿಂದಲೇ ಆದದ್ದೆಂದು ರುಜುವಾತು ಮಾಡುವ ಹೊರೆ ರೋಗಿಯ ತಲೆಯ ಮೇಲಿತ್ತು. ಎದುರು ಕಡೆಯ ವಕೀಲರು ನಮ್ಮ ಸಾಲನ್ನು ಎತ್ತಿ ತೋರಿಸಿದರು. ಅವರದೇ ಡಾಕ್ಟರು ಸಿಗರೇಟು ಎಂದು ಬರೆದಿದ್ದಾರಲ್ಲ, ಇನ್ನೇನು ಬೇಕು? ಅರ್ಜಿ ವಜಾ ಆಯಿತು.

ಅವರಾಗಲಿ ಅವರ ಹೆಂಡತಿಯಾಗಲಿ ಒಂದು ಮಾತು ಬಿರುಸಾಗಿ ಆಡಲಿಲ್ಲ. ಮುಂದಿನ ಭೇಟಿಯಲ್ಲಿ ಆಕೆ ಕೈಚೀಲದಿಂದ ಒಂದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟು, "ಡಾಕ್, ಕಾರಿನಲ್ಲಿ ಹೋಗುವಾಗ ಕೇಳಿ" ಎಂದರು, ಅಷ್ಟೇ. ಮನೆಯಲ್ಲೇ ಕಾಪಿ ಮಾಡಿದ ಟೇಪು, ಮೇಲೆ ನೀಲಿ ಶಾಯಿಯಲ್ಲಿ ಹೆಸರು. ಅದು ಮೂರು ತಿಂಗಳು ಗ್ಲೋವ್ ಬಾಕ್ಸಿನಲ್ಲಿ ಬಿದ್ದಿತ್ತು. ನಮ್ಮ ಕಾರಿನಲ್ಲಿ ಓಡುತ್ತಿದ್ದದ್ದು ಪಿ.ಬಿ. ಶ್ರೀನಿವಾಸ್, ಅಶ್ವತ್ಥ್.

ಒಂದು ರಾತ್ರಿ ಆಸ್ಪತ್ರೆಯಿಂದ ಬರುತ್ತಾ ಹಾಕಿದೆವು. ಒಂದು ಹೆಂಗಸಿನ ದನಿ. ಗಿಟಾರಿಲ್ಲ, ಏನೂ ಇಲ್ಲ. ಸುಶ್ರಾವ್ಯ ಎನ್ನುವಂಥದ್ದಲ್ಲ, ಒರಟು, ಸ್ವಲ್ಪ ಮೂಗಿನಿಂದ ಬರುವ, ಸಾಲಿನ ಕೊನೆಯಲ್ಲಿ ಸೀಳಿದಂತೆ ಏರುವ ದನಿ. ನಮಗೆ ತಕ್ಷಣ ನೆನಪಾದದ್ದು ತಿಪಟೂರಿನ ಕಡೆಯ ನಮ್ಮಜ್ಜಿ, ಬೆಳಗಿನ ಜಾವ ರಾಗಿಕಲ್ಲಿನ ಮುಂದೆ ಕೂತು ಹೇಳುತ್ತಿದ್ದ ಪದ. ಅದಕ್ಕೂ ಕಲ್ಲಿನ ಸದ್ದೊಂದು ಬಿಟ್ಟರೆ ಬೇರೆ ವಾದ್ಯವಿರಲಿಲ್ಲ. ಆ ಹಾಡಿನ ಹೆಸರೇ 'ಬ್ಲ್ಯಾಕ್ ಲಂಗ್'. ಹೇಜಲ್ ಅದನ್ನು ಬರೆದದ್ದು ಆ ಕಾಯಿಲೆಯಿಂದ ಸತ್ತ ತನ್ನ ಸ್ವಂತ ಅಣ್ಣ ಥರ್ಮನ್‌ಗಾಗಿ. ನಾವು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಇನ್ನೊಂದು ಸಲ ಹಾಕಿಕೊಂಡೆವು.

ಹೇಜಲ್ ಡಿಕನ್ಸ್ ಹುಟ್ಟಿದ್ದು 1925ರಲ್ಲಿ, ವೆಸ್ಟ್ ವರ್ಜೀನಿಯಾದ ಮರ್ಸರ್ ಕೌಂಟಿಯಲ್ಲಿ. ಹಲವು ಕಡೆ 1935 ಎಂದು ಅಚ್ಚಾಗಿದೆ. ಹೆಡ್‌ಮಾಸ್ಟರು ಕೊಟ್ಟ ಜನ್ಮದಿನಾಂಕವನ್ನೇ ಪಾಸ್‌ಪೋರ್ಟಿನಲ್ಲಿ ಇಟ್ಟುಕೊಂಡು ತಿರುಗುವ ನಾವು ಅದಕ್ಕೆ ನಗುವಂತಿಲ್ಲ. ಹನ್ನೊಂದು ಮಕ್ಕಳಲ್ಲಿ ಎಂಟನೆಯವಳು. ತಂದೆ ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಗಡದ ಉಪದೇಶಕ. ಹೊಟ್ಟೆಪಾಡಿಗೆ ಗಣಿಗಳಿಗೆ ಮರದ ದಿಮ್ಮಿ ಸಾಗಿಸುತ್ತಿದ್ದರು. ಆ ಪಂಗಡದ ಪ್ರಾರ್ಥನೆಯಲ್ಲಿ ವಾದ್ಯಗಳಿಗೆ ಜಾಗವಿಲ್ಲ, ಬರೀ ಕಂಠ. ಹೇಜಲ್‌ರ ದನಿ ಎಲ್ಲಿಂದ ಬಂತೆಂದು ಇದರಿಂದ ತಿಳಿಯುತ್ತದೆ. ಅಣ್ಣಂದಿರು ಗಣಿಗೆ ಇಳಿದರು. ಆಮೇಲೆ ಗಣಿಗೆ ದೊಡ್ಡ ಯಂತ್ರಗಳು ಬಂದು ಕೆಲಸಗಳು ಹೋದವು, ಉಳಿದವರ ಪಾಲಿಗೆ ಧೂಳು ಹೆಚ್ಚಾಯಿತು. ಬೆಟ್ಟದ ಜನ ಗುಂಪುಗುಂಪಾಗಿ ಬಾಲ್ಟಿಮೋರ್, ಡೆಟ್ರಾಯಿಟ್ ಸೇರಿದರು. ಹೇಜಲ್ ಬಾಲ್ಟಿಮೋರಿಗೆ ಹೋಗಿ ಕಾರ್ಖಾನೆ, ಅಂಗಡಿಗಳಲ್ಲಿ ದುಡಿದರು.

ಅಲ್ಲಿ ಕ್ಷಯರೋಗದ ಆಸ್ಪತ್ರೆಯಲ್ಲಿದ್ದ ಅವರ ಸೋದರನ ಮೂಲಕ ಮೈಕ್ ಸೀಗರ್ ಎಂಬ ಯುವಕನ ಪರಿಚಯವಾಯಿತು. ಈತ ಪ್ರಸಿದ್ಧ ಗಾಯಕ ಪೀಟ್ ಸೀಗರ್‌ನ ಮಲಸೋದರ. ಯುದ್ಧಕ್ಕೆ ಹೋಗುವುದಿಲ್ಲವೆಂದು, ಬದಲಿ ಸೇವೆಯಾಗಿ ಆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಹುಡುಗಿ ನಾಲ್ಕು ಜನರ ಮುಂದೆ ಹಾಡತೊಡಗಿದ್ದು ಹೀಗೆ. ಮುಂದೆ ಕಾಲೇಜು ಓದಿದ ಆಲಿಸ್ ಜೆರಾರ್ಡ್ ಎಂಬಾಕೆಯ ಜೊತೆ ಸೇರಿ 1965ರಲ್ಲಿ ಫೋಕ್‌ವೇಸ್ ಕಂಪನಿಗೆ ಮೊದಲ ರೆಕಾರ್ಡ್ ಕೊಟ್ಟರು. ಬ್ಲೂಗ್ರಾಸ್ ಸಂಗೀತದಲ್ಲಿ ಅಲ್ಲಿಯವರೆಗೆ ಗಂಡಸರದೇ ಯಜಮಾನಿಕೆ. ಇಬ್ಬರು ಹೆಂಗಸರು ಮುಂದೆ ನಿಂತು ಹಾಡುವುದು ಹೊಸತು. ಕರಿಯರೂ ಬಿಳಿಯರೂ ಕೂಡಿದ ಗಾಯಕರ ತಂಡದಲ್ಲಿ ದಕ್ಷಿಣದ ರಾಜ್ಯಗಳನ್ನೂ ಸುತ್ತಿದರು. ಆ ಕಾಲಕ್ಕೆ ಅದು ಧೈರ್ಯದ ಕೆಲಸವೇ.

1968ರ ನವೆಂಬರ್ 20ರ ಬೆಳಗಿನ ಜಾವ ಫಾರ್ಮಿಂಗ್‌ಟನ್ ಗಣಿಯಲ್ಲಿ ಸ್ಫೋಟವಾಗಿ 78 ಮಂದಿ ಸತ್ತರು. ಅದರ ಹೊಗೆಯನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಹೇಜಲ್ ಅದರ ಮೇಲೆ ಹಾಡು ಕಟ್ಟಿದರು. ಮೂರು ತಿಂಗಳಿಗೆ, 1969ರ ಫೆಬ್ರವರಿಯಲ್ಲಿ, ವೆಸ್ಟ್ ವರ್ಜೀನಿಯಾದ ಸುಮಾರು 40,000 ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೂಲಿ ಹೆಚ್ಚಿಸಿ ಎಂದಲ್ಲ, ಈ ಶ್ವಾಸಕೋಶದ ಕಾಯಿಲೆಯನ್ನು ಕಾಯಿಲೆ ಎಂದು ಒಪ್ಪಿಕೊಳ್ಳಿ ಎಂದು. ವರ್ಷದ ಕೊನೆಗೆ ಕೇಂದ್ರದ ಕಾನೂನೂ ಬಂತು. ಗಾಳಿಯಲ್ಲಿ ಧೂಳಿಗೆ ಮೊದಲ ಬಾರಿ ದೇಶಕ್ಕೆಲ್ಲ ಒಂದು ಮಿತಿ, ರೋಗಿಗೆ ಪರಿಹಾರ.

ಈ ಚಳವಳಿಯ ಜೊತೆ ಊರೂರು ತಿರುಗಿದ ಮೂವರು ಡಾಕ್ಟರುಗಳ ಕಥೆ ನಮಗೆ ತಿಳಿದದ್ದೂ ಈ ಹಾಡಿನ ಬೆನ್ನು ಹತ್ತಿ ಹೋದಾಗ. ಅವರಲ್ಲೊಬ್ಬರು ಬೆಕ್ಲೀಯ ಡಾ. ಡೊನಾಲ್ಡ್ ರಾಸ್ಮುಸೆನ್. ಎಕ್ಸ್‌ರೇಯಲ್ಲಿ ಹೆಚ್ಚೇನೂ ಕಾಣದ ಗಣಿಗಾರರಿಗೂ, ವ್ಯಾಯಾಮ ಮಾಡಿಸುತ್ತಾ ರಕ್ತದ ಆಮ್ಲಜನಕ ಅಳೆದರೆ ಶ್ವಾಸಕೋಶ ಸೋತಿರುವುದು ಗೊತ್ತಾಗುತ್ತದೆ ಎಂದು ಅವರು ತೋರಿಸಿದ್ದರು. ನಾವು ಎಂಬಿಬಿಎಸ್‌ಗೆ ಸೇರುವುದಕ್ಕೂ ಎಷ್ಟೋ ವರ್ಷ ಮೊದಲು! ಬೋರ್ಡ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದಿದ್ದ ನಾವು ಆ ಬೆಟ್ಟದ ನಡುವೆಯೇ ಕೂತು ಅದನ್ನು ಮಾಡಿಸಿರಲಿಲ್ಲ.

ಹೇಜಲ್ ಹಾಡಿದ್ದು ಸಂಗೀತ ಸಭೆಗಳಲ್ಲಿ ಮಾತ್ರ ಅಲ್ಲ, ಯೂನಿಯನ್ ಸಭೆಗಳಲ್ಲಿ, ಮುಷ್ಕರದ ಸಾಲಿನಲ್ಲಿ, ಗಣಿ ಕಾರ್ಮಿಕರಿಗಾಗಿ ಹಣ ಕೂಡಿಸುವ ಕಾರ್ಯಕ್ರಮಗಳಲ್ಲಿ. ಹಾಗೆಂದು ಯೂನಿಯನ್ ಹೇಳಿದ್ದಕ್ಕೆಲ್ಲ ತಾಳ ಹಾಕಿದವರಲ್ಲ. ಯೂನಿಯನ್ನಿನ ಒಳಗಿನ ಭ್ರಷ್ಟಾಚಾರದ ವಿರುದ್ಧ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜೋಸೆಫ್ ಯಬ್ಲಾನ್ಸ್ಕಿಯನ್ನು 1969ರ ಡಿಸೆಂಬರ್ 31ರಂದು ಹೆಂಡತಿ ಮಗಳ ಸಮೇತ ಗುಂಡಿಕ್ಕಿ ಕೊಂದರು. ಆ ಪಿತೂರಿಗಾಗಿ ಯೂನಿಯನ್ನಿನ ಅಧ್ಯಕ್ಷನಿಗೇ ಮುಂದೆ ಶಿಕ್ಷೆಯಾಯಿತು. ಹೇಜಲ್ ಅದನ್ನೂ ಹಾಡಿದರು. ಕೆಂಟಕಿಯ ಮುಷ್ಕರವೊಂದರ ಮೇಲೆ ಬಾರ್ಬರಾ ಕೋಪಲ್ ತೆಗೆದ 'ಹಾರ್ಲನ್ ಕೌಂಟಿ, ಯುಎಸ್ಎ' (1976) ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಅದರಲ್ಲಿ ಈಕೆಯ ಹಾಡುಗಳಿವೆ. 1987ರ 'ಮೇಟ್ವನ್' ಚಿತ್ರದಲ್ಲೂ ಆಕೆ ಹಾಡಿದ್ದಾರೆ. ವಿಡಿಯೋ ಸಿಕ್ಕರೆ ಎರಡನ್ನೂ ನೋಡಿ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ.

ಇನ್ನು ನಮ್ಮ ರೋಗಿಯ ವಿಷಯ. ಅವರನ್ನು ಬೇರೆ ಊರಿಗೆ ಕಳಿಸಿ ಶ್ವಾಸಕೋಶದ ಪರೀಕ್ಷೆ, ವ್ಯಾಯಾಮದ ಜೊತೆ ರಕ್ತದ ಪರೀಕ್ಷೆ ಎರಡನ್ನೂ ಮಾಡಿಸಿದೆವು. ಸಿಗರೇಟು ಎಂದು ಬರೆದದ್ದು ಅವಸರದ ತೀರ್ಮಾನ, ಗಣಿಯ ಧೂಳಿನ ಪಾತ್ರವನ್ನು ನಾವು ವಿಚಾರಿಸಲೇ ಇಲ್ಲ ಎಂದು ಮೂರು ಪುಟದ ಪತ್ರ ಬರೆದು ಸಹಿ ಹಾಕಿದೆವು. ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಾವು 2003ರಲ್ಲಿ ಆ ಊರು ಬಿಡುವಾಗ ಅವರ ಹೆಂಡತಿಯ ಅರ್ಜಿ ಇನ್ನೂ ನಡೆಯುತ್ತಲೇ ಇತ್ತು.

ಇದೆಲ್ಲ ನಡೆಯುತ್ತಿದ್ದಾಗಲೇ, 2001ರ ಫೆಬ್ರವರಿ 28ರಂದು, ಕೋಲಾರದ ಚಿನ್ನದ ಗಣಿ ಮುಚ್ಚಿತೆಂಬ ಸುದ್ದಿ ಓದಿದೆವು. ಆಗ ನೆನಪಾದರು ಇನ್ನೊಬ್ಬರು. ಬೆಂಗಳೂರಿನಲ್ಲಿ ಹೌಸ್ ಸರ್ಜನ್ಸಿ ಮಾಡುವಾಗ ಕೆಜಿಎಫ್‌ನಿಂದ ಒಬ್ಬ ತಮಿಳು ಮಾತಾಡುವ ಕಾರ್ಮಿಕರು ಬರುತ್ತಿದ್ದರು. ಟಿಬಿ ಔಷಧಿ ಮೂರನೆಯ ಸಲ ನಡೆಯುತ್ತಿತ್ತು. ಕೆಜಿಎಫ್‌ನ ಕಲ್ಲುಧೂಳಿನಿಂದ ಸಿಲಿಕೋಸಿಸ್ ಬರುತ್ತದೆನ್ನುವುದು 1940ರ ದಶಕದಲ್ಲೇ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿತ್ತು, ನಮ್ಮ ಪಠ್ಯಪುಸ್ತಕದಲ್ಲೂ ಇತ್ತು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆವು. ಎದುರಿಗಿದ್ದ ಮನುಷ್ಯನನ್ನು "ಏನು ಕೆಲಸ ಮಾಡ್ತಿದ್ದಿರಿ, ಎಷ್ಟು ವರ್ಷ?" ಎಂದು ಕೇಳಲಿಲ್ಲ. ಅವರಿಗೆ ಕ್ಯಾಸೆಟ್ ತಂದುಕೊಡುವವರೂ ಇರಲಿಲ್ಲ.

ಹೇಜಲ್‌ರ ಇನ್ನೊಂದು ಹಾಡು 'ವೆಸ್ಟ್ ವರ್ಜೀನಿಯಾ, ಮೈ ಹೋಮ್'. ಬಿಟ್ಟು ಬಂದ ಊರಿನ ಹಂಬಲದ ಹಾಡು. ಆ ರಾಜ್ಯದಲ್ಲಿ ಅದನ್ನು ಅರಿಯದವರು ಕಡಿಮೆ. ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ಇಂಥ ಹಾಡುಗಳಿಗೆ ಕೊರತೆಯಿಲ್ಲ. ನಾವೂ ಗಂಟಲು ಕಟ್ಟಿಕೊಂಡು ಹಾಡಿದವರೇ. ಆದರೆ ಊರಿಗಾಗಿ ಅತ್ತ ಅದೇ ಬಾಯಿಂದ ಆಕೆ, ಆ ಊರಿನಲ್ಲಿ ಅಣ್ಣನನ್ನು ಕೊಂದದ್ದು ಏನೆಂದೂ ಹಾಡಿದರು. ಇಪ್ಪತ್ತು ವರ್ಷಗಳಿಂದ ನಾವು ಈ ಸಂಘದ ಸಾಂಸ್ಕೃತಿಕ ಸಮಿತಿಯಲ್ಲಿದ್ದೇವೆ. ಮಲೆನಾಡಿನ ಮಳೆ, ಮೈಸೂರು ಮಲ್ಲಿಗೆ ಎಲ್ಲ ಬಂದಿದೆ, ಕೋಲಾರದ ಧೂಳು ಒಮ್ಮೆಯೂ ಬಂದಿಲ್ಲ. ಕಾರ್ಯಕ್ರಮದ ಪಟ್ಟಿ ಮಾಡಿದವರಲ್ಲಿ ನಾವೂ ಇದ್ದುದರಿಂದ ಬೇರೆಯವರನ್ನು ದೂರುತ್ತಿಲ್ಲ.

2001ರಲ್ಲಿ ಹೇಜಲ್‌ರಿಗೆ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು. 2011ರ ಏಪ್ರಿಲ್ 22ರಂದು ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು. ಅಷ್ಟು ವರ್ಷ ಕಾರಿನಲ್ಲಿ ಹೋಗಿಬರುವ ದೂರದಲ್ಲಿದ್ದೂ ನಾವು ಒಂದು ಸಲವೂ ಎದುರಿಗೆ ಕೂತು ಕೇಳಲಿಲ್ಲ. ಆ ಕಾಯಿಲೆ ಮುಗಿಯಿತೆಂದುಕೊಂಡಿದ್ದವರಿಗೆ 2018ರಲ್ಲಿ ಒಂದು ವರದಿ ಬಂತು: ವರ್ಜೀನಿಯಾದ ಮೂರೇ ಕ್ಲಿನಿಕ್ಕುಗಳಲ್ಲಿ ನಾಲ್ಕು ವರ್ಷಗಳ ಅವಧಿಯಲ್ಲಿ ಅದರ ಅತಿ ತೀವ್ರ ರೂಪದ 416 ರೋಗಿಗಳು. ಕಲ್ಲಿದ್ದಲ ಪದರ ತೆಳ್ಳಗಾದಂತೆ ಬಂಡೆಯನ್ನೂ ಕೊರೆಯಬೇಕಾಗುತ್ತದೆ, ಆ ಬಂಡೆಯ ಸಿಲಿಕಾ ಎದೆಗೆ ಸೇರುತ್ತದೆ. ಕೋಲಾರದಲ್ಲಿ ಸೇರುತ್ತಿದ್ದದ್ದೂ ಅದೇ.

ಕ್ಯಾಸೆಟ್ ಇನ್ನೂ ನಮ್ಮ ಹತ್ತಿರ ಇದೆ. ಟೇಪ್ ಹಾಕುವ ಕಾರು ಎಂದೋ ಹೋಯಿತು. ಬೇಸಿಗೆ ಪಿಕ್‌ನಿಕ್‌ಗೆ ತರುತ್ತೇವೆ. ಹಳೆಯ ಟೇಪ್ ರೆಕಾರ್ಡರ್ ಇಟ್ಟುಕೊಂಡಿರುವವರು ಯಾರಾದರೂ ಇದ್ದರೆ ದಯವಿಟ್ಟು ಮುಂಚೆಯೇ ತಿಳಿಸಿ. ಚಿತ್ರಾನ್ನ ನಮ್ಮ ಮನೆಯದು. ಕೊಲೆಸ್ಟರಾಲ್ ಮುಂದಿನ ಸಂಚಿಕೆಗೆ.