ಪೆನ್‌ಡ್ರೈವ್‌ಗೆ ಒಂದೇ ಬಾಗಿಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತುವ ನಮ್ಮಂಥ ವರದಿಗಾರರ ಜೇಬಿನಲ್ಲಿ ಪೆನ್‌ಡ್ರೈವ್ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಫೋಟೊ, ನುಡಿ ಫೈಲು ದಾಟಿಸಲು ಅದೇ ಗತಿ. ಊರವರು ನಂಬಿ ಕೊಟ್ಟ ಪಹಣಿ, ಆಧಾರ್ ಪ್ರತಿಗಳೂ ಅದರಲ್ಲೇ. ಜೆರಾಕ್ಸ್ ಅಂಗಡಿ, ಸ್ಟುಡಿಯೊ, ಡಿಟಿಪಿ ಸೆಂಟರ್ ಎಲ್ಲ ಕಡೆಯೂ ಅದನ್ನು ಚುಚ್ಚುತ್ತೇವೆ.

ನಾನು ಹೋಗುವ ಒಂದು ಡಿಟಿಪಿ ಸೆಂಟರಿನಲ್ಲಿ ಕಳೆದ ವರ್ಷ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆದವು. ಯಾರದೋ ಡ್ರೈವಿನಿಂದ ಬಂದ ವೈರಸ್ ಲ್ಯಾನ್ ಮೂಲಕ ನಾಲ್ಕೂ ಕಂಪ್ಯೂಟರಿಗೆ ಹಬ್ಬಿತ್ತು. ಮಾಲೀಕರು ಸಿಟ್ಟಿನಲ್ಲಿ ಪೋರ್ಟುಗಳಿಗೆ ಗಮ್‌ಟೇಪ್ ಹಚ್ಚಿದರು. ಆದರೆ ಮೌಸ್, ಕೀಬೋರ್ಡಿಗೂ ಅದೇ ಪೋರ್ಟ್ ಬೇಕಲ್ಲ!

ವಿಂಡೋಸ್ ರಿಜಿಸ್ಟ್ರಿಯ ‘ಯುಎಸ್‌ಬಿಸ್ಟೋರ್’ನಲ್ಲಿ ‘ಸ್ಟಾರ್ಟ್’ ಸಂಖ್ಯೆಯನ್ನು 3ರಿಂದ 4ಕ್ಕೆ ಬದಲಿಸಿದರೆ ಪೆನ್‌ಡ್ರೈವ್ ತೆರೆಯುವುದಿಲ್ಲ, ಮೌಸ್ ಓಡುತ್ತದೆ. ಮೊಬೈಲಿಗೆ ಮಾತ್ರ ಈ ಬೀಗ ಸಾಲದು, ಅದರ ಡ್ರೈವರೇ ಬೇರೆ. ಚಾರ್ಜಿಗೆ ಗೋಡೆಯ ಪ್ಲಗ್ಗೇ ಸರಿ.

2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಹಬ್ಬಿದ್ದೂ ಯುಎಸ್‌ಬಿ ಡ್ರೈವುಗಳಿಂದ. ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೂ ಅದು ಹೊಕ್ಕಿತು.

ಹಾಗೆಂದು ಎಲ್ಲ ಬಾಗಿಲು ಮುಚ್ಚಿದರೆ ಅರ್ಜಿ ಹಿಡಿದು ಬಂದವರು ಎಲ್ಲಿಗೆ ಹೋಗಬೇಕು? ಒಂದು ಕಂಪ್ಯೂಟರಿನಲ್ಲಿ ಮಾತ್ರ ಡ್ರೈವ್ ತೆರೆಯಲಿ. ಅಲ್ಲಿ ಸ್ಕ್ಯಾನ್ ಆದ ಫೈಲಷ್ಟೇ ಮುಂದಕ್ಕೆ ಹೋಗಲಿ. ಎರಡು ನಿಮಿಷ ಕಾಯಲು ನಾವೂ ಕಲಿಯೋಣ. ಜೇಬಿನಲ್ಲಿರುವುದು ನಮ್ಮ ಸುದ್ದಿ ಮಾತ್ರವಲ್ಲ, ಇನ್ನೊಬ್ಬರ ಜಾಗದ ದಾಖಲೆಯೂ ಹೌದು.