‘ಗುಂಡಾ’ ನೋಡಿ ನಗುವವರ ನಡುವೆ

ಪುಣೆಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಸಿನಿಮಾ ಮಾತು ಬಂದರೆ ಯಾರಾದರೊಬ್ಬರು ‘ಗುಂಡಾ’ದ ಡೈಲಾಗ್ ಹೇಳದೆ ಬಿಡುವುದಿಲ್ಲ. ಕಾಂತಿ ಶಾ ನಿರ್ದೇಶಿಸಿದ, ಮಿಥುನ್ ಚಕ್ರವರ್ತಿ ನಾಯಕನಾದ ಈ ಹಿಂದಿ ಚಿತ್ರ ಬಂದದ್ದು 1998ರಲ್ಲಿ. ಕಡಿಮೆ ದುಡ್ಡಿನಲ್ಲಿ, ಚಿಕ್ಕ ಊರುಗಳ ಟಾಕೀಸುಗಳಿಗೆಂದು ಮಾಡಿದ್ದು. ಇಂಟರ್‌ನೆಟ್ ಬಂದ ಮೇಲೆ ಹಾಸ್ಟೆಲ್ ಹುಡುಗರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು.

ಅಭಿಮಾನಿಗಳಲ್ಲೂ ಎರಡು ಬಣ. ‘ಇಷ್ಟು ಕೆಟ್ಟದಾಗಿ ಮಾಡೋಕೂ ಪ್ರತಿಭೆ ಬೇಕು’ ಎಂದು ನಗುವವರು ಕೆಲವರು. ‘ಪ್ರಾಸದಲ್ಲೇ ಮಾತಾಡೋ ವಿಲನ್‌ಗಳು ಬೇರೆಲ್ಲಿ ಸಿಗ್ತಾರೆ?’ ಎಂದು ನಿಜಕ್ಕೂ ಮೆಚ್ಚುವವರು ಉಳಿದವರು. ನಾನು ಎರಡನೆಯ ಬಣ. ಡೈಲಾಗ್ ಬರುವ ಮೊದಲೇ ಎಲ್ಲರೂ ಒಟ್ಟಿಗೆ ಕೂಗುತ್ತಾ ನೋಡುವ ಮಜಾ ಮಲ್ಟಿಪ್ಲೆಕ್ಸಿನಲ್ಲಿ ಸಿಗುವುದಿಲ್ಲ.

ಆದರೆ ಒಂದು ದೃಶ್ಯವಿದೆ. ಅತ್ಯಾಚಾರಕ್ಕೊಳಗಾಗಿ ಸತ್ತ ತಂಗಿಯ ಹೆಣದ ಮುಂದೆ ಖಳನಾಯಕ ಬುಲ್ಲಾ ಪ್ರಾಸ ಹೊಸೆಯುತ್ತಾನೆ. ನಮ್ಮ ಗುಂಪಿನಲ್ಲಿ ಜೋರು ನಗು ಏಳುವುದೇ ಅಲ್ಲಿ. ಒಮ್ಮೆ ಗೆಳೆಯನ ಹೆಂಡತಿ, ‘ಇದ್ರಲ್ಲಿ ನಗೋಕೆ ಏನಿದೆ?’ ಎಂದು ಕೇಳಿದರು. ಯಾರೋ ‘ಸಿನಿಮಾ ತಾನೆ ಅತ್ತಿಗೆ’ ಅಂದರು. ಅವರು ಎದ್ದು ಅಡುಗೆಮನೆಗೆ ಹೋದರು.

ಚಿತ್ರ ಮಾಡಿದವರು ಆ ಸಾವನ್ನು ಟಿಕೆಟ್ ಮಾರಲು ಬಳಸಿಕೊಂಡರು ಎಂದು ಬೈಯಬಹುದು. ನಾವು ಅದನ್ನು ಜೋಕು ಮಾಡಿಕೊಂಡದ್ದಕ್ಕೆ ಯಾರನ್ನು ಬೈಯುವುದು? ‘ಗುಂಡಾ’ ಈಗಲೂ ನನಗಿಷ್ಟ. ಆ ದೃಶ್ಯ ಬಂದರೆ ಮಾತ್ರ ಮುಂದಕ್ಕೆ ಓಡಿಸಿ ಎನ್ನುತ್ತೇನೆ.